ಯುದ್ಧಕಾಲದ ತೈಲ ಸೋರಿಕೆ ಮತ್ತು ತೈಲ ಬೆಂಕಿಯಿಂದ ಉಂಟಾಗುವ ಪರಿಸರ ಹಾನಿ: ಸಾರ್ವಜನಿಕ ಮಾಹಿತಿ

1. ಪೀಠಿಕೆ

ಯುದ್ಧದ ಸಂದರ್ಭದಲ್ಲಿ ತೈಲ ಬಾವಿ, ಸಂಸ್ಕರಣಾಗಾರ, ಸಂಗ್ರಹಣಾ ತೊಟ್ಟಿ, ಕೊಳವೆ ಮಾರ್ಗ ಹಾಗೂ ತೈಲ ಹಡಗುಗಳು ದಾಳಿಗೆ ಗುರಿಯಾಗುವುದು ಹೊಸ ಸಂಗತಿಯಲ್ಲ. ಶತ್ರುವಿನ ಇಂಧನವನ್ನು ನಾಶಪಡಿಸುವುದು ದಾಳಿಯ ಉದ್ದೇಶವಾಗಿದ್ದರೂ, ಸುರಿದ ತೈಲವಾಗಲಿ ಮೇಲೆದ್ದ ಹೊಗೆಯಾಗಲಿ ದೇಶಗಳ ಗಡಿಯನ್ನು ಗುರುತಿಸುವುದಿಲ್ಲ. ಯುದ್ಧವು ಕೆಲವು ವಾರಗಳಲ್ಲಿ ಮುಗಿದರೂ ನೆಲ, ನೀರು ಮತ್ತು ಗಾಳಿಗೆ ಆದ ಹಾನಿಯು ದಶಕಗಳವರೆಗೆ ಉಳಿಯಬಹುದು.

ಇಂತಹ ಹಾನಿಗೆ ಪರಿಹಾರ ದೊರೆಯುವುದು ಅಪರೂಪ. ಶಾಂತಿಕಾಲದ ಅಪಘಾತಗಳಿಗೆ ಅನ್ವಯಿಸುವ ಅನೇಕ ಕಾನೂನುಗಳು ಯುದ್ಧವನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಪರಿಹಾರ ದೊರೆತ ಕೆಲವೇ ಪ್ರಕರಣಗಳಲ್ಲಿ ಅದು ದೊರೆತದ್ದು ಹಾನಿಯನ್ನು ಸಕಾಲದಲ್ಲಿ ಅಳತೆ ಮಾಡಿ ದಾಖಲಿಸಿದವರಿಗೆ. ಈ ಸಂಗತಿಯನ್ನು ಸಾರ್ವಜನಿಕರ ಅವಗಾಹನೆಗೆ ತರುವುದು ಹಾಗೂ ಅರ್ಜಿ ಸಲ್ಲಿಸಲು ಲಭ್ಯವಿರುವ ಮಾರ್ಗಗಳನ್ನು ತಿಳಿಸುವುದು ಈ ಪುಟದ ಉದ್ದೇಶವಾಗಿದೆ.

2. ಮೈಸೂರು ನಗರಕ್ಕೂ ಈ ವಿಷಯಕ್ಕೂ ಇರುವ ಸಂಬಂಧ

ಮೈಸೂರು ಜಿಲ್ಲೆಗೆ ಕಡಲ ತೀರವಿಲ್ಲ. ತೈಲ ಬಾವಿಗಳೂ ಇಲ್ಲ. ಆದಾಗ್ಯೂ ಈ ಕೆಳಕಂಡ ಮೂರು ಕಾರಣಗಳಿಂದ ವಿಷಯವು ನಗರದ ನಾಗರಿಕರಿಗೆ ಸಂಬಂಧಿಸಿದ್ದಾಗಿದೆ.

ಅ) ಉದ್ಯೋಗ: ಕೊಲ್ಲಿ ರಾಷ್ಟ್ರಗಳಲ್ಲಿ ಕರ್ನಾಟಕದ ಅನೇಕ ಕುಟುಂಬಗಳು ನೆಲೆಸಿವೆ. ಅವರಲ್ಲಿ ಕರಾವಳಿ ಜಿಲ್ಲೆಗಳವರ ಸಂಖ್ಯೆ ಹೆಚ್ಚಾಗಿದ್ದು, ಮೈಸೂರಿನವರೂ ಇದ್ದಾರೆ. ಅಲ್ಲಿನ ಯುದ್ಧದ ಹೊಗೆಯನ್ನು ಮೊದಲು ಉಸಿರಾಡುವವರು ಇವರೇ.

ಆ) ಇಂಧನ: ರಾಜ್ಯಕ್ಕೆ ಬೇಕಾದ ಇಂಧನದ ಬಹುಪಾಲು ಮಂಗಳೂರಿನ ಮೂಲಕ ಬರುತ್ತದೆ. ಮಂಗಳೂರಿನಿಂದ ಹೊರಟು ಹಾಸನ ಮತ್ತು ಮೈಸೂರು ಮಾರ್ಗವಾಗಿ ಸೋಲೂರನ್ನು ತಲುಪುವ ಅಡುಗೆ ಅನಿಲದ ಕೊಳವೆ ಮಾರ್ಗವು ನಗರವನ್ನು ಸಮುದ್ರ ಮಾರ್ಗದೊಂದಿಗೆ ಜೋಡಿಸಿದೆ. ಕಚ್ಚಾ ತೈಲದ ಪೂರೈಕೆಗೆ ಅಡಚಣೆಯಾದಲ್ಲಿ ಬಳಸುವ ಸಲುವಾಗಿ ಮಂಗಳೂರಿನಲ್ಲಿ 15 ಲಕ್ಷ ಟನ್ ಹಾಗೂ ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಸಾಮರ್ಥ್ಯದ ಆಯಕಟ್ಟಿನ ಸಂಗ್ರಹಾಗಾರಗಳನ್ನು ನೆಲದಡಿಯ ಬಂಡೆಗಳಲ್ಲಿ ಕೊರೆದು ನಿರ್ಮಿಸಲಾಗಿದೆ. ನೆಲದ ಮೇಲಿನ ತೊಟ್ಟಿಗಳಿಗೆ ಹೋಲಿಸಿದರೆ ಇವು ಬೆಂಕಿ ಮತ್ತು ದಾಳಿಯಿಂದ ಹೆಚ್ಚು ಸುರಕ್ಷಿತ.

ಇ) ಮಳೆ: ಕಾವೇರಿ ಮತ್ತು ಕಬಿನಿ ನದಿಗಳಿಗೆ ನೀರು ತರುವ ಮುಂಗಾರು ಮಾರುತವು ಅರಬ್ಬೀ ಸಮುದ್ರದ ಮೇಲಿಂದ ಬೀಸುತ್ತದೆ. ಆ ಸಮುದ್ರದ ಅಂಚಿನಲ್ಲಿ ಭಾರೀ ಬೆಂಕಿ ಹೊತ್ತಿಕೊಂಡಾಗ ಮಳೆಯ ಬಗ್ಗೆ ಆತಂಕ ಮೂಡುವುದು ಸಹಜ. 1991ರಲ್ಲಿ ಇಂತಹ ಆತಂಕ ವ್ಯಕ್ತವಾಗಿತ್ತು. ಅದರ ವಿವರವನ್ನು 5ನೇ ಭಾಗದಲ್ಲಿ ನೀಡಲಾಗಿದೆ.

3. ತೈಲದಿಂದ ಹಾನಿ ಉಂಟಾಗುವ ಬಗೆ

ನೀರಿನಲ್ಲಿ: ಸಮುದ್ರಕ್ಕೆ ಸುರಿದ ಕಚ್ಚಾ ತೈಲದ ಹಗುರ ಅಂಶಗಳು ಕೆಲವೇ ದಿನಗಳಲ್ಲಿ ಆವಿಯಾಗುತ್ತವೆ. ಉಳಿದ ಭಾಗವು ಅಲೆಗಳ ಹೊಡೆತಕ್ಕೆ ನೀರಿನೊಂದಿಗೆ ಬೆರೆತು ದಪ್ಪನೆಯ ಕಂದು ಪದಾರ್ಥವಾಗುತ್ತದೆ. ಕಾಲಾನಂತರ ಡಾಂಬರಿನ ಉಂಡೆಗಳಾಗಿ ದಡ ಸೇರುತ್ತದೆ. ಹಕ್ಕಿಗಳ ರೆಕ್ಕೆಗೆ ತೈಲ ಅಂಟಿದಾಗ ಅವು ಮೈ ಬೆಚ್ಚಗಿಡುವ ಹಾಗೂ ತೇಲುವ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಮೀನಿನ ಮೊಟ್ಟೆ, ಮರಿ, ಸಿಗಡಿ, ಏಡಿ ಮತ್ತು ಚಿಪ್ಪುಜೀವಿಗಳು ಸಾಯುತ್ತವೆ. ಅಲೆಗಳ ಅಬ್ಬರವಿರುವ ಬಂಡೆಯ ತೀರವು ಬೇಗ ಶುಚಿಯಾಗುತ್ತದೆ. ನಿಧಾನ ನೀರಿನ ಉಪ್ಪು ಜೌಗು ಮತ್ತು ಕಾಂಡ್ಲಾ ವನಗಳಲ್ಲಿ ತೈಲವು ಕೆಸರಿನೊಳಗೆ ಇಳಿದು ವರ್ಷಾನುಗಟ್ಟಲೆ ಹಾಗೆಯೇ ಉಳಿಯುತ್ತದೆ.

ನೆಲದಲ್ಲಿ: ಸುರಿದ ತೈಲವು ತಗ್ಗುಗಳಲ್ಲಿ ನಿಂತು ಕೆರೆಯಂತಾಗುತ್ತದೆ. ಅದು ಮಣ್ಣಿನ ರಂಧ್ರಗಳನ್ನು ಮುಚ್ಚಿ ಗಾಳಿ ಮತ್ತು ನೀರು ಒಳಗಿಳಿಯದಂತೆ ಮಾಡುತ್ತದೆ. ಅಂತರ್ಜಲವನ್ನು ತಲುಪಿದ ತೈಲವನ್ನು ಹೊರತೆಗೆಯುವುದು ಅತ್ಯಂತ ಕಷ್ಟಕರವಾದ ಕಾರ್ಯ.

ಗಾಳಿಯಲ್ಲಿ: ತೈಲವು ಪೂರ್ಣವಾಗಿ ಉರಿಯದಿದ್ದಾಗ ದಟ್ಟ ಕಪ್ಪು ಹೊಗೆ ಏಳುತ್ತದೆ. ಇದರಲ್ಲಿ ಮಸಿಯ ಸೂಕ್ಷ್ಮ ಕಣಗಳು, ಗಂಧಕದ ಡೈಆಕ್ಸೈಡ್, ಸಾರಜನಕದ ಆಕ್ಸೈಡುಗಳು, ಇಂಗಾಲದ ಮಾನಾಕ್ಸೈಡ್ ಹಾಗೂ ಕ್ಯಾನ್ಸರ್‌ಕಾರಕವಾದ ಕೆಲವು ಸಂಯುಕ್ತಗಳು ಇರುತ್ತವೆ. ಉಸಿರಾಟದ ತೊಂದರೆ ಇರುವವರು, ಮಕ್ಕಳು, ಗರ್ಭಿಣಿಯರು ಹಾಗೂ ವೃದ್ಧರು ಹೆಚ್ಚಿನ ಅಪಾಯಕ್ಕೆ ಒಳಗಾಗುತ್ತಾರೆ.

4. ಇತಿಹಾಸದಲ್ಲಿ ದಾಖಲಾದ ಪ್ರಮುಖ ಘಟನೆಗಳು

1914: ಮೊದಲನೆಯ ಮಹಾಯುದ್ಧದ ಆರಂಭದಲ್ಲಿ, ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ಯುದ್ಧನೌಕೆ ಎಮ್ಡೆನ್ ಮದರಾಸು ಬಂದರಿನಲ್ಲಿದ್ದ ಬರ್ಮಾ ಆಯಿಲ್ ಕಂಪನಿಯ ತೊಟ್ಟಿಗಳ ಮೇಲೆ ಫಿರಂಗಿ ದಾಳಿ ನಡೆಸಿತು. ತೊಟ್ಟಿಗಳಲ್ಲಿದ್ದ ಸೀಮೆಎಣ್ಣೆ ಹೊತ್ತಿ ಉರಿಯಿತು. ದಕ್ಷಿಣ ಭಾರತದ ಮಟ್ಟಿಗೆ ಯುದ್ಧಕಾಲದ ತೈಲ ಬೆಂಕಿಯ ಪ್ರಸಿದ್ಧ ಪ್ರಕರಣ ಇದಾಗಿದೆ.

1971: ಭಾರತ-ಪಾಕಿಸ್ತಾನ ಯುದ್ಧದಲ್ಲಿ ಡಿಸೆಂಬರ್ 4 ಮತ್ತು 8ರ ರಾತ್ರಿಗಳಂದು ಭಾರತೀಯ ನೌಕಾಪಡೆಯು ಕರಾಚಿಯ ಮೇಲೆ ಕ್ಷಿಪಣಿ ದಾಳಿ ನಡೆಸಿತು. ಕಿಯಾಮಾರಿಯ ತೈಲ ತೊಟ್ಟಿಗಳು ದಿನಗಟ್ಟಲೆ ಉರಿದವು. ಪ್ರತಿ ವರ್ಷ ಡಿಸೆಂಬರ್ 4ನ್ನು ನೌಕಾಪಡೆ ದಿನವನ್ನಾಗಿ ಆಚರಿಸಲಾಗುತ್ತದೆ.

1983: ಇರಾನ್-ಇರಾಕ್ ಯುದ್ಧದಲ್ಲಿ ಪರ್ಷಿಯನ್ ಕೊಲ್ಲಿಯ ನೌರೂಜ್ ತೈಲ ಕ್ಷೇತ್ರದ ಕಟ್ಟೆಗಳು ಹಾನಿಗೊಂಡವು. ಯುದ್ಧ ನಡೆಯುತ್ತಿದ್ದುದರಿಂದ ಬಾವಿಗಳನ್ನು ಕೂಡಲೇ ಮುಚ್ಚಲಾಗದೆ ತೈಲವು ತಿಂಗಳುಗಟ್ಟಲೆ ಸಮುದ್ರಕ್ಕೆ ಹರಿಯಿತು.

1991: ಕುವೈತ್. ವಿವರಗಳನ್ನು ಮುಂದಿನ ಭಾಗದಲ್ಲಿ ನೀಡಲಾಗಿದೆ.

2006: ಲೆಬನಾನಿನ ಜಿಯೆ ವಿದ್ಯುತ್ ಸ್ಥಾವರದ ತೈಲ ತೊಟ್ಟಿಗಳ ಮೇಲೆ ಜುಲೈ ತಿಂಗಳಲ್ಲಿ ಇಸ್ರೇಲ್ ವಾಯುದಾಳಿ ನಡೆಸಿತು. ಅಂದಾಜು 12,000ದಿಂದ 15,000 ಟನ್ ಉರುವಲು ತೈಲ ಮೆಡಿಟರೇನಿಯನ್ ಸಮುದ್ರ ಸೇರಿ, ಲೆಬನಾನ್ ಮತ್ತು ಸಿರಿಯಾ ದೇಶಗಳ ತೀರವನ್ನು ಮಲಿನಗೊಳಿಸಿತು.

2016: ಇರಾಕಿನ ಕಯ್ಯಾರಾ ಪಟ್ಟಣದ ಬಳಿ ಹಿಮ್ಮೆಟ್ಟುತ್ತಿದ್ದ ಐಸಿಸ್ ಉಗ್ರರು ತೈಲ ಬಾವಿಗಳಿಗೆ ಬೆಂಕಿ ಹಚ್ಚಿದರು. ಈ ಬೆಂಕಿಯನ್ನು ಸಂಪೂರ್ಣವಾಗಿ ನಂದಿಸಲು 2017ರವರೆಗೆ ಕಾಲ ಹಿಡಿಯಿತು.

5. ಕುವೈತ್, 1990-91

1990ರ ಆಗಸ್ಟ್ 2ರಂದು ಇರಾಕ್ ಸೇನೆಯು ಕುವೈತನ್ನು ಆಕ್ರಮಿಸಿತು. ಆಗ ಅಲ್ಲಿದ್ದ ಭಾರತೀಯರಲ್ಲಿ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯೂ ಸೇರಿದಂತೆ ಕರ್ನಾಟಕದ ಅನೇಕ ಕುಟುಂಬಗಳಿದ್ದವು. ರಸ್ತೆ ಮಾರ್ಗವಾಗಿ ಜೋರ್ಡಾನ್ ತಲುಪಿದ ಭಾರತೀಯರನ್ನು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಅಮ್ಮಾನ್ ನಗರದಿಂದ ವಿಮಾನಗಳಲ್ಲಿ ಮುಂಬಯಿಗೆ ಕರೆತರಲಾಯಿತು. ಹೀಗೆ ಮರಳಿದವರ ಸಂಖ್ಯೆ 1.7 ಲಕ್ಷಕ್ಕೂ ಅಧಿಕ. ಬಹುತೇಕರು ಮನೆ, ಸಾಮಾನು, ಉಳಿತಾಯ, ಬಾಕಿ ಸಂಬಳ ಎಲ್ಲವನ್ನೂ ಅಲ್ಲಿಯೇ ಬಿಟ್ಟು ಬಂದಿದ್ದರು.

ಸಮುದ್ರಕ್ಕೆ ತೈಲ: 1991ರ ಜನವರಿಯಲ್ಲಿ ಮಿನಾ ಅಲ್ ಅಹ್ಮದಿ ತೈಲ ಬಂದರಿನಿಂದ ಹಾಗೂ ಅಲ್ಲಿದ್ದ ಹಡಗುಗಳಿಂದ ಕಚ್ಚಾ ತೈಲವನ್ನು ಸಮುದ್ರಕ್ಕೆ ಬಿಡಲಾಯಿತು. ಇದರ ಪ್ರಮಾಣದ ಅಂದಾಜುಗಳು 40 ಲಕ್ಷ ಬ್ಯಾರೆಲ್‌ನಿಂದ 1.1 ಕೋಟಿ ಬ್ಯಾರೆಲ್‌ವರೆಗೆ ಇವೆ. ಒಂದು ಬ್ಯಾರೆಲ್ ಎಂದರೆ ಸುಮಾರು 159 ಲೀಟರ್. ತೈಲವು ದಕ್ಷಿಣಕ್ಕೆ ಸಾಗಿ ಸೌದಿ ಅರೇಬಿಯಾದ 600 ಕಿ.ಮೀ.ಗೂ ಹೆಚ್ಚು ಉದ್ದದ ತೀರವನ್ನು ಆವರಿಸಿತು. ಹತ್ತಾರು ಸಾವಿರ ಕಡಲಹಕ್ಕಿಗಳು ಸತ್ತವು. ಉಪ್ಪು ಜೌಗುಗಳಲ್ಲಿ ಏಡಿಗಳು ತೋಡಿದ ಬಿಲಗಳ ಮೂಲಕ ತೈಲವು ಕೆಸರಿನ ಆಳಕ್ಕೆ ಇಳಿಯಿತು. ಹತ್ತು ವರ್ಷಗಳ ನಂತರವೂ ಅಂತಹ ಜೌಗುಗಳು ಚೇತರಿಸಿಕೊಂಡಿರಲಿಲ್ಲ. ಮುಂದೆ ಉಬ್ಬರವಿಳಿತದ ನೀರು ಹರಿದಾಡುವಂತೆ ಕಾಲುವೆಗಳನ್ನು ಹೊಸದಾಗಿ ತೋಡಿ ಅವುಗಳನ್ನು ಪುನಶ್ಚೇತನಗೊಳಿಸುವ ಕಾರ್ಯ ಕೈಗೊಳ್ಳಲಾಯಿತು.

ಬಾವಿಗಳಿಗೆ ಬೆಂಕಿ: ಹಿಮ್ಮೆಟ್ಟುವ ಮುನ್ನ ಇರಾಕ್ ಸೇನೆಯು ಸ್ಫೋಟಕಗಳನ್ನು ಬಳಸಿ 600ಕ್ಕೂ ಹೆಚ್ಚು ಬಾವಿಗಳಿಗೆ ಬೆಂಕಿ ಹಚ್ಚಿತು. ಫೆಬ್ರವರಿ 28ರಂದು ಯುದ್ಧ ನಿಂತಿತು, ಬೆಂಕಿ ನಿಲ್ಲಲಿಲ್ಲ. ಉತ್ತುಂಗದ ದಿನಗಳಲ್ಲಿ ಪ್ರತಿನಿತ್ಯ ಉರಿದ ತೈಲ 40 ಲಕ್ಷ ಬ್ಯಾರೆಲ್‌ಗೂ ಅಧಿಕವೆಂದು ಅಂದಾಜಿಸಲಾಗಿದೆ. ಹಗಲು ಹೊತ್ತಿನಲ್ಲಿಯೂ ವಾಹನಗಳು ದೀಪ ಹೊತ್ತಿಸಿ ಸಂಚರಿಸಬೇಕಾಯಿತು. ಹೊಗೆಯ ಕೆಳಗೆ ಬಿಸಿಲು ಬೀಳದೆ ತಾಪಮಾನ ಇಳಿಯಿತು. ಉಪ್ಪುನೀರು ಬೆರೆತ ಬಾವಿಗಳಿಂದ ಕಪ್ಪು ಹೊಗೆಯ ಬದಲು ಬಿಳಿ ಹೊಗೆ ಏಳುತ್ತಿತ್ತು.

ನಂದಿಸುವ ಕಾರ್ಯ: ತೈಲವನ್ನು ಸಮುದ್ರ ತೀರಕ್ಕೆ ಒಯ್ಯುತ್ತಿದ್ದ ಕೊಳವೆಗಳಲ್ಲಿಯೇ ವಿರುದ್ಧ ದಿಕ್ಕಿಗೆ ಸಮುದ್ರದ ನೀರನ್ನು ಹರಿಸಿ ಬಾವಿಗಳ ಬಳಿಗೆ ತರಲಾಯಿತು. ಹಲವು ದೇಶಗಳ ತಂಡಗಳು ಶ್ರಮಿಸಿ 1991ರ ನವೆಂಬರ್ 6ರಂದು ಕೊನೆಯ ಬಾವಿಯನ್ನು ನಂದಿಸಿದವು. ಆದರೆ ಬೆಂಕಿಗೆ ಸುರಿದ ಉಪ್ಪುನೀರು ಮತ್ತು ಚೆಲ್ಲಿದ ತೈಲ ಇವೆರಡೂ ಸೇರಿ ಕುವೈತಿನ ಅಪರೂಪದ ಸಿಹಿನೀರಿನ ಅಂತರ್ಜಲ ನಿಕ್ಷೇಪಗಳಾದ ರೌದತೈನ್ ಮತ್ತು ಉಮ್ ಅಲ್ ಐಶ್‌ಗಳನ್ನು ಮಲಿನಗೊಳಿಸಿದವು. ಮರುಭೂಮಿಯಲ್ಲಿ ಸುಮಾರು 300 ತೈಲದ ಕೆರೆಗಳು ಉಳಿದವು. ಮಸಿ ಹಾಗೂ ತೈಲದ ಹನಿಗಳು ಮರಳಿನೊಂದಿಗೆ ಬೆರೆತು ಗಟ್ಟಿಯಾಗಿ, ಡಾಂಬರು ಹಾಕಿದಂತಹ ಪದರವು ದೇಶದ ಭೂಭಾಗದ ಶೇಕಡ 5ರಷ್ಟನ್ನು ಮುಚ್ಚಿತೆಂದು ಅಂದಾಜಿಸಲಾಗಿದೆ.

ಮುಂಗಾರಿನ ಕುರಿತ ಆತಂಕ: ಹೊಗೆಯು ವಾಯುಮಂಡಲದ ಮೇಲ್‌ಸ್ತರವನ್ನು ಸೇರಿದಲ್ಲಿ ಬಿಸಿಲನ್ನು ತಡೆದು ಏಷ್ಯಾದ ಮುಂಗಾರನ್ನು ದುರ್ಬಲಗೊಳಿಸಬಹುದೆಂದು ಕಾರ್ಲ್ ಸೇಗನ್ ಅವರಂತಹ ಕೆಲವು ವಿಜ್ಞಾನಿಗಳು ಎಚ್ಚರಿಸಿದ್ದರು. ಹೊಗೆಯು ಬಹುಮಟ್ಟಿಗೆ 5-6 ಕಿ.ಮೀ. ಎತ್ತರದೊಳಗೇ ಉಳಿಯಿತು. ಮಸಿಯ ಕಣಗಳು ದಿನಗಳಿಂದ ವಾರಗಳ ಅವಧಿಯಲ್ಲಿ ಮಳೆ ಮತ್ತು ಮೋಡಗಳೊಂದಿಗೆ ನೆಲಕ್ಕಿಳಿದವು. ಆದ್ದರಿಂದ ಪರಿಣಾಮವು ಕೊಲ್ಲಿ ಪ್ರದೇಶದಲ್ಲಿ ತೀವ್ರವಾಗಿದ್ದು, ಜಗತ್ತಿನ ಹವಾಮಾನದ ಮೇಲೆ ಭಯಪಟ್ಟಷ್ಟು ಆಗಲಿಲ್ಲ. ಹೊಗೆಯ ಎತ್ತರವನ್ನು ವಿಮಾನಗಳಿಂದ ನೇರವಾಗಿ ಅಳೆದಿದ್ದರಿಂದ ಈ ಆತಂಕಕ್ಕೆ ಖಚಿತ ಉತ್ತರ ದೊರೆಯಿತು.

6. ಪರಿಹಾರ ದೊರೆತ ಪ್ರಕರಣ: ವಿಶ್ವಸಂಸ್ಥೆಯ ಪರಿಹಾರ ಆಯೋಗ

1991ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ತನ್ನ 687ನೇ ನಿರ್ಣಯದ ಮೂಲಕ, ಕುವೈತ್ ಆಕ್ರಮಣದಿಂದ ನೇರವಾಗಿ ಉಂಟಾದ ಎಲ್ಲ ನಷ್ಟಕ್ಕೂ ಇರಾಕ್ ಹೊಣೆಯೆಂದು ಘೋಷಿಸಿತು. ಪರಿಸರ ಹಾನಿ ಹಾಗೂ ನೈಸರ್ಗಿಕ ಸಂಪತ್ತಿನ ನಾಶವನ್ನು ನಿರ್ಣಯದಲ್ಲಿ ಸ್ಪಷ್ಟ ಪದಗಳಲ್ಲಿ ಸೇರಿಸಲಾಗಿತ್ತು. ಜಿನೀವಾ ನಗರದಲ್ಲಿ ಪರಿಹಾರ ಆಯೋಗವನ್ನು ಸ್ಥಾಪಿಸಿ, ಇರಾಕಿನ ತೈಲ ರಫ್ತಿನ ಆದಾಯದ ಒಂದು ಪಾಲನ್ನು ಪರಿಹಾರ ನಿಧಿಗೆ ಮೀಸಲಿಡಲಾಯಿತು.

ವ್ಯಕ್ತಿಗಳ ಕೋರಿಕೆ: ಕುವೈತ್ ಅಥವಾ ಇರಾಕನ್ನು 1990ರ ಆಗಸ್ಟ್ 2 ಮತ್ತು 1991ರ ಮಾರ್ಚ್ 2ರ ನಡುವೆ ತೊರೆಯಬೇಕಾದವರಿಗೆ 'ಎ' ವರ್ಗದಡಿ ನಿಗದಿತ ಮೊತ್ತವನ್ನು ಗೊತ್ತುಪಡಿಸಲಾಗಿತ್ತು. ಒಬ್ಬ ವ್ಯಕ್ತಿಗೆ 2,500 ಡಾಲರ್, ಕುಟುಂಬಕ್ಕೆ 5,000 ಡಾಲರ್. ಬೇರೆ ಯಾವ ವರ್ಗದಡಿಯೂ ಕೋರಿಕೆ ಸಲ್ಲಿಸುವುದಿಲ್ಲವೆಂದು ಒಪ್ಪಿದವರಿಗೆ ಕ್ರಮವಾಗಿ 4,000 ಮತ್ತು 8,000 ಡಾಲರ್. ಅರ್ಜಿಗಳನ್ನು ಆಯಾ ದೇಶದ ಸರ್ಕಾರದ ಮುಖಾಂತರವೇ ಸಲ್ಲಿಸಬೇಕಾಗಿತ್ತು. ಕಳೆದುಕೊಂಡ ಆಸ್ತಿಯ ಪಟ್ಟಿಯನ್ನು ಈ ವರ್ಗದಲ್ಲಿ ಕೇಳಿರಲಿಲ್ಲ. ತೊರೆದ ಸಂಗತಿ ಮತ್ತು ದಿನಾಂಕವನ್ನು ತೋರಿಸುವ ಸರಳ ದಾಖಲೆ ಸಾಕಾಗಿತ್ತು. ಉಟ್ಟ ಬಟ್ಟೆಯಲ್ಲಿ ಮರಳಿದ ಕುಟುಂಬಕ್ಕೆ ಪಾಸ್‌ಪೋರ್ಟಿನ ಒಂದು ಮುದ್ರೆ ಅಥವಾ ಪ್ರಯಾಣದ ಒಂದು ಚೀಟಿಯ ಬೆಲೆ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಪರಿಸರ ಹಾನಿಯ ಕೋರಿಕೆ: ಇವುಗಳನ್ನು ಸರ್ಕಾರಗಳು ಸಲ್ಲಿಸಿದವು. 2001ರಲ್ಲಿ ಮೊದಲ ಹಂತವಾಗಿ, ಹಾನಿಯನ್ನು ಪರಿವೀಕ್ಷಿಸಿ ಅಂದಾಜು ಮಾಡುವ ಕೆಲಸಕ್ಕೆಂದೇ ಸುಮಾರು 24 ಕೋಟಿ ಡಾಲರ್ ಮಂಜೂರಾಯಿತು. ಆ ಅಧ್ಯಯನಗಳ ಆಧಾರದ ಮೇಲೆ ಮುಂದಿನ ಕೋರಿಕೆಗಳನ್ನು ಪರಿಶೀಲಿಸಿ 2005ರ ವೇಳೆಗೆ ನಿರ್ಣಯಿಸಲಾಯಿತು. ಒಟ್ಟು ಸುಮಾರು 8,500 ಕೋಟಿ ಡಾಲರ್ ಕೋರಲಾಗಿದ್ದು, ಮಂಜೂರಾದದ್ದು ಸುಮಾರು 526 ಕೋಟಿ ಡಾಲರ್. ಯುದ್ಧಕ್ಕೆ ಮುಂಚಿನ ಸ್ಥಿತಿಯ ದಾಖಲೆ ಇಲ್ಲದ ಹಾಗೂ ಹಾನಿಗೂ ಯುದ್ಧಕ್ಕೂ ನೇರ ಸಂಬಂಧವನ್ನು ತೋರಿಸಲಾಗದ ಹಲವು ಕೋರಿಕೆಗಳು ಸಾಕ್ಷ್ಯ ಸಾಲದೆಂಬ ಕಾರಣದಿಂದ ತಿರಸ್ಕೃತಗೊಂಡವು. ಮತ್ತೊಂದೆಡೆ, ನಿರಾಶ್ರಿತರೊಂದಿಗೆ ಬಂದ ಜಾನುವಾರುಗಳಿಂದ ಹುಲ್ಲುಗಾವಲು ನಾಶವಾಯಿತೆಂಬ ಜೋರ್ಡಾನ್ ದೇಶದ ಕೋರಿಕೆಗೆ ಪರಿಹಾರ ದೊರೆಯಿತು.

ಎಲ್ಲ ವರ್ಗಗಳೂ ಸೇರಿ ಮಂಜೂರಾದ ಸುಮಾರು 5,240 ಕೋಟಿ ಡಾಲರಿನ ಕೊನೆಯ ಕಂತನ್ನು 2022ರ ಜನವರಿಯಲ್ಲಿ ಪಾವತಿಸಲಾಯಿತು. ಅಂದರೆ ಏಳು ತಿಂಗಳ ಆಕ್ರಮಣದ ಲೆಕ್ಕ ತೀರಲು ಮೂವತ್ತು ವರ್ಷಗಳು ಬೇಕಾದವು.

ದಾಖಲೆಯೊಂದೇ ಸಾಲದು: ಮೇಲೆ ತಿಳಿಸಿದ 2006ರ ಲೆಬನಾನ್ ಪ್ರಕರಣದಲ್ಲಿ ಹಾನಿಯನ್ನು ಅಂದಾಜು ಮಾಡಲಾಗಿತ್ತು. ವಿಶ್ವಸಂಸ್ಥೆಯ ಮಹಾಸಭೆಯು 2014ರಲ್ಲಿ ಆ ಹಾನಿಯ ಮೌಲ್ಯವನ್ನು 85.64 ಕೋಟಿ ಡಾಲರ್ ಎಂದು ಉಲ್ಲೇಖಿಸಿ, ಪರಿಹಾರ ನೀಡುವಂತೆ ಇಸ್ರೇಲ್ ದೇಶವನ್ನು ಕೋರಿತು. ಮಹಾಸಭೆಯ ನಿರ್ಣಯವು ಬದ್ಧಗೊಳಿಸುವ ಸ್ವರೂಪದ್ದಲ್ಲದ ಕಾರಣ ಅದು ಕೋರಿಕೆಯಾಗಿಯೇ ಉಳಿಯಿತು. ದಾಖಲೆ ಇದ್ದರೂ ಹೊಣೆ ಹೊರಿಸುವ ಅಧಿಕಾರ ಮತ್ತು ಹಣದ ಮೂಲ ಎರಡೂ ಇರಬೇಕೆಂಬುದನ್ನು ಈ ಪ್ರಕರಣವು ತೋರಿಸುತ್ತದೆ. ದಾಖಲೆ ಇಲ್ಲದಿದ್ದರೆ ಇವೆರಡೂ ಇದ್ದೂ ಪ್ರಯೋಜನವಿಲ್ಲ.

7. ಕರ್ನಾಟಕ ಕರಾವಳಿ ಮತ್ತು ಅರಬ್ಬೀ ಸಮುದ್ರ

ಶಾಂತಿಕಾಲದ ಘಟನೆ: 2006ರ ಮೇ 30ರಂದು ಓಷನ್ ಸೆರಾಯಾ ಎಂಬ ಸರಕು ಹಡಗು ಕಾರವಾರದ ಬಳಿಯ ಆಯಿಸ್ಟರ್ ರಾಕ್ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 650 ಟನ್ ಉರುವಲು ತೈಲ ಸಮುದ್ರ ಸೇರಿ ಕಾರವಾರ ಹಾಗೂ ಗೋವಾದ ತೀರಗಳನ್ನು ತಲುಪಿತು. ತೈಲದ ಸರಕನ್ನು ಹೊತ್ತಿರದ, ತನ್ನ ಎಂಜಿನ್‌ಗೆ ಬೇಕಾದ ಇಂಧನವನ್ನಷ್ಟೇ ಹೊಂದಿದ್ದ ಹಡಗಿನಿಂದ ಇಷ್ಟು ಹಾನಿಯಾಯಿತೆಂಬುದು ಗಮನಾರ್ಹ.

ದಾಳಿಯ ಘಟನೆ: 2023ರ ಡಿಸೆಂಬರ್ 23ರಂದು ಸೌದಿ ಅರೇಬಿಯಾದಿಂದ ನವಮಂಗಳೂರು ಬಂದರಿಗೆ ಬರುತ್ತಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರ್ ಹಡಗಿನ ಮೇಲೆ, ಅದು ಪೋರಬಂದರಿನಿಂದ ಸುಮಾರು 217 ನಾಟಿಕಲ್ ಮೈಲಿ ದೂರದಲ್ಲಿದ್ದಾಗ ಡ್ರೋನ್ ದಾಳಿ ನಡೆಯಿತು. ಸಿಬ್ಬಂದಿಯಲ್ಲಿ ಬಹುತೇಕರು ಭಾರತೀಯರಾಗಿದ್ದರು. ಹೊತ್ತಿಕೊಂಡ ಬೆಂಕಿಯನ್ನು ಅವರೇ ನಂದಿಸಿದರು, ಪ್ರಾಣಹಾನಿಯಾಗಲಿಲ್ಲ. ಭಾರತೀಯ ತಟರಕ್ಷಣಾ ಪಡೆಯ ವಿಕ್ರಮ್ ನೌಕೆಯ ಬೆಂಗಾವಲಿನಲ್ಲಿ ಹಡಗು ಮುಂಬಯಿ ತಲುಪಿತು. 2024ರ ಜನವರಿ 26ರಂದು ಏಡನ್ ಕೊಲ್ಲಿಯಲ್ಲಿ ಕ್ಷಿಪಣಿ ದಾಳಿಯಿಂದ ಹೊತ್ತಿಕೊಂಡ ಮಾರ್ಲಿನ್ ಲುವಾಂಡಾ ಎಂಬ ತೈಲ ಹಡಗಿನ ಬೆಂಕಿಯನ್ನು ನಂದಿಸಲು ನೌಕಾಪಡೆಯ ಐಎನ್‌ಎಸ್ ವಿಶಾಖಪಟ್ಟಣಂ ನೆರವಾಯಿತು. ಅದರಲ್ಲಿಯೂ 22 ಭಾರತೀಯ ಸಿಬ್ಬಂದಿ ಇದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆಂಪು ಸಮುದ್ರದಲ್ಲಿ ದಾಳಿಗೊಳಗಾದ ಸೌನಿಯಾನ್ ಹಡಗಿನಲ್ಲಿ ಸುಮಾರು 1.5 ಲಕ್ಷ ಟನ್ ಕಚ್ಚಾ ತೈಲವಿತ್ತು. ವಾರಗಟ್ಟಲೆ ಉರಿದ ಆ ಹಡಗನ್ನು ಎಳೆದೊಯ್ದು ತೈಲವನ್ನು ಸುರಕ್ಷಿತವಾಗಿ ಹೊರತೆಗೆದಿದ್ದರಿಂದ ಭಾರೀ ಅನಾಹುತ ತಪ್ಪಿತು.

ಸನ್ನದ್ಧತೆ: ಸಮುದ್ರದಲ್ಲಿ ತೈಲ ಸೋರಿಕೆಯಾದಾಗ ಕಾರ್ಯಾಚರಣೆಯ ಸಮನ್ವಯದ ಹೊಣೆ ಭಾರತೀಯ ತಟರಕ್ಷಣಾ ಪಡೆಯದು. 1996ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ತೈಲ ಸೋರಿಕೆ ವಿಪತ್ತು ಯೋಜನೆಯಡಿ ಈ ಕಾರ್ಯ ನಡೆಯುತ್ತದೆ.

8. ಕಾನೂನಿನಲ್ಲಿ ಯುದ್ಧದ ವಿನಾಯಿತಿ

ಸಾರ್ವಜನಿಕರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು ಈ ಕೆಳಕಂಡಂತಿವೆ.

ಅ) ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ, 1991: ಅಪಾಯಕಾರಿ ವಸ್ತುಗಳ ನಿರ್ವಹಣೆಯಲ್ಲಿ ಅಪಘಾತವಾದಾಗ, ಮಾಲೀಕರ ತಪ್ಪನ್ನು ಸಾಬೀತುಪಡಿಸದೆಯೇ ಸಂತ್ರಸ್ತರು ಪರಿಹಾರ ಪಡೆಯಬಹುದು. ಆದರೆ ಕೇವಲ ಯುದ್ಧ ಅಥವಾ ವಿಕಿರಣದ ಕಾರಣದಿಂದ ಉಂಟಾದ ಘಟನೆಯನ್ನು "ಅಪಘಾತ" ಎಂಬ ಪದದ ವ್ಯಾಖ್ಯೆಯಿಂದ ಹೊರಗಿಡಲಾಗಿದೆ.

ಆ) ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ ಕಾಯ್ದೆ, 2010: ಇದರ ವ್ಯಾಖ್ಯೆಯಲ್ಲಿಯೂ ಕೇವಲ ಯುದ್ಧ ಅಥವಾ ನಾಗರಿಕ ಕ್ಷೋಭೆಯಿಂದ ಉಂಟಾದ ಅಪಘಾತವು ಸೇರುವುದಿಲ್ಲ.

ಇ) ಹಡಗುಗಳ ತೈಲ ಮಾಲಿನ್ಯ ಕುರಿತ 1992ರ ಅಂತರರಾಷ್ಟ್ರೀಯ ಒಪ್ಪಂದಗಳು: ತೈಲವನ್ನು ಸರಕಾಗಿ ಸಾಗಿಸುವ ಹಡಗಿನ ಮಾಲೀಕರ ಹೊಣೆಯನ್ನು ಒಂದು ಒಪ್ಪಂದವೂ, ಹೆಚ್ಚುವರಿ ಪರಿಹಾರ ನಿಧಿಯನ್ನು ಮತ್ತೊಂದೂ ನಿರ್ಧರಿಸುತ್ತವೆ. ಭಾರತವು ಎರಡಕ್ಕೂ ಸದಸ್ಯ ರಾಷ್ಟ್ರ. ಯುದ್ಧ, ಹಗೆತನದ ಕಾರ್ಯಾಚರಣೆ, ಅಂತರ್ಯುದ್ಧ ಅಥವಾ ದಂಗೆಯಿಂದ ಸೋರಿಕೆಯಾದಲ್ಲಿ ಮಾಲೀಕರೂ ಹೊಣೆಯಲ್ಲ, ನಿಧಿಯೂ ಹೊಣೆಯಲ್ಲ. ಮೂರನೆಯವರು ಹಾನಿ ಮಾಡುವ ಉದ್ದೇಶದಿಂದಲೇ ಕೃತ್ಯವೆಸಗಿದ್ದು, ಹಾನಿಯು ಸಂಪೂರ್ಣವಾಗಿ ಅದರಿಂದಲೇ ಉಂಟಾಗಿದ್ದಲ್ಲಿ ಮಾಲೀಕರು ಹೊಣೆಯಿಂದ ಮುಕ್ತರಾದರೂ ನಿಧಿಯು ಮುಕ್ತವಾಗುವುದಿಲ್ಲ. ಆದ್ದರಿಂದ ಹಡಗಿನ ಮೇಲಿನ ದಾಳಿಯನ್ನು "ಯುದ್ಧ" ಎಂದು ಪರಿಗಣಿಸುವುದೋ "ಮೂರನೆಯವರ ಕೃತ್ಯ" ಎಂದು ಪರಿಗಣಿಸುವುದೋ ಎಂಬ ಪ್ರಶ್ನೆಯ ಮೇಲೆ ಮೀನುಗಾರರ ಪರಿಹಾರ ನಿಲ್ಲಬಹುದು.

ಈ) ಯುದ್ಧದ ನಿಯಮಗಳು: ಪರಿಸರಕ್ಕೆ ವ್ಯಾಪಕ, ದೀರ್ಘಕಾಲಿಕ ಹಾಗೂ ತೀವ್ರ ಹಾನಿಯುಂಟುಮಾಡುವ ಯುದ್ಧವಿಧಾನಗಳನ್ನು ಜಿನೀವಾ ಒಪ್ಪಂದಗಳ 1977ರ ಮೊದಲನೆಯ ಹೆಚ್ಚುವರಿ ಶಿಷ್ಟಾಚಾರವು ನಿಷೇಧಿಸುತ್ತದೆ. ಭಾರತವು ಇದಕ್ಕೆ ಸೇರಿರುವುದಿಲ್ಲ. ಪರಿಸರವನ್ನೇ ಆಯುಧವಾಗಿ ಮಾರ್ಪಡಿಸುವುದನ್ನು ತಡೆಯುವ 1976ರ ಒಪ್ಪಂದಕ್ಕೆ ಭಾರತ ಸೇರಿದೆ. ವಿಶ್ವಸಂಸ್ಥೆಯ ಅಂತರರಾಷ್ಟ್ರೀಯ ಕಾನೂನು ಆಯೋಗವು 2022ರಲ್ಲಿ ಸಶಸ್ತ್ರ ಸಂಘರ್ಷ ಮತ್ತು ಪರಿಸರ ರಕ್ಷಣೆ ಕುರಿತು 27 ತತ್ವಗಳನ್ನು ಅಂಗೀಕರಿಸಿದೆ. 2001ರ ವಿಶ್ವಸಂಸ್ಥೆಯ ಘೋಷಣೆಯಂತೆ ಪ್ರತಿ ವರ್ಷ ನವೆಂಬರ್ 6ರಂದು ಯುದ್ಧದಲ್ಲಿ ಪರಿಸರದ ದುರ್ಬಳಕೆ ತಡೆಯುವ ಅಂತರರಾಷ್ಟ್ರೀಯ ದಿನವನ್ನು ಆಚರಿಸಲಾಗುತ್ತದೆ.

9. ಶಾಂತಿಕಾಲದ ತೈಲ ಅಪಘಾತಗಳಲ್ಲಿ ಅರ್ಜಿ ಸಲ್ಲಿಸುವ ಮಾರ್ಗಗಳು

ತೈಲ ತೊಟ್ಟಿ, ಟ್ಯಾಂಕರ್ ಲಾರಿ, ಕೊಳವೆ ಮಾರ್ಗ ಅಥವಾ ಕಾರ್ಖಾನೆಯಲ್ಲಿ ಸೋರಿಕೆ ಇಲ್ಲವೇ ಬೆಂಕಿ ಸಂಭವಿಸಿ ಹಾನಿಯಾದಲ್ಲಿ ಮೈಸೂರಿನ ನಾಗರಿಕರು ಈ ಕೆಳಕಂಡಂತೆ ಅರ್ಜಿ ಸಲ್ಲಿಸಬಹುದಾಗಿದೆ.

(1) ಜಿಲ್ಲಾಧಿಕಾರಿಗಳಿಗೆ: ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆಯಡಿ ಗಾಯಗೊಂಡವರು, ಆಸ್ತಿ ಕಳೆದುಕೊಂಡವರು, ಮೃತರ ವಾರಸುದಾರರು ಅಥವಾ ಇವರಿಂದ ಅಧಿಕಾರ ಪಡೆದ ಪ್ರತಿನಿಧಿಗಳು ಅರ್ಜಿ ಸಲ್ಲಿಸಬಹುದು. ಘಟನೆ ನಡೆದ ದಿನದಿಂದ 5 ವರ್ಷಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ಮೂರು ತಿಂಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಸೂಚಿಸುತ್ತದೆ.

(2) ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ: ಕರ್ನಾಟಕವು ಚೆನ್ನೈನಲ್ಲಿರುವ ದಕ್ಷಿಣ ವಲಯ ಪೀಠದ ವ್ಯಾಪ್ತಿಗೆ ಬರುತ್ತದೆ. ಪರಿಹಾರ ಮತ್ತು ಪರಿಸರ ಪುನಶ್ಚೇತನದ ಅರ್ಜಿಗೆ 5 ವರ್ಷಗಳ ಕಾಲಮಿತಿ ಇರುತ್ತದೆ.

(3) ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ: ಕೆರೆ, ಬಾವಿ, ಚರಂಡಿಗಳಲ್ಲಿ ತೈಲ ಕಂಡುಬಂದಲ್ಲಿ ಅಥವಾ ದಟ್ಟ ಹೊಗೆ ಹರಡಿದಲ್ಲಿ ಮಂಡಳಿಯ ಮೈಸೂರಿನ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು ನೀಡಬಹುದು.

(4) ಮಾಹಿತಿ ಹಕ್ಕು ಕಾಯ್ದೆ, 2005ರಡಿ: ನೀರು ಮತ್ತು ಗಾಳಿಯ ಪರೀಕ್ಷಾ ವರದಿಗಳ ಪ್ರತಿಗಳನ್ನು 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ ಪಡೆಯಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ನೀಡತಕ್ಕದ್ದು.

ತುರ್ತು ಸಂದರ್ಭದಲ್ಲಿ: ಸಾಮಾನ್ಯ ತುರ್ತು ಸೇವೆಗೆ 112, ಅಡುಗೆ ಅನಿಲ ಸೋರಿಕೆಗೆ 1906, ಸಮುದ್ರದಲ್ಲಿನ ತುರ್ತು ನೆರವಿಗೆ ತಟರಕ್ಷಣಾ ಪಡೆಯ 1554 ಸಂಖ್ಯೆಗಳಿಗೆ ಕರೆ ಮಾಡಬಹುದು.

10. ಕಾಯ್ದಿರಿಸಬೇಕಾದ ದಾಖಲೆಗಳು

ಸ್ಥಳೀಯ ನಿವಾಸಿಗಳು:
- ತೆರೆದ ಬಾವಿ ಅಥವಾ ಕೊಳವೆ ಬಾವಿಯ ನೀರಿನ ಪರೀಕ್ಷಾ ವರದಿ. ಘಟನೆಗೆ ಮುಂಚಿನ ವರದಿ ಇದ್ದಲ್ಲಿ ಅತ್ಯಂತ ಉಪಯುಕ್ತ.
- ಜಮೀನಿನ ಪಹಣಿ, ಬೆಳೆಯ ವಿವರ, ಜಾನುವಾರುಗಳ ಚಿಕಿತ್ಸಾ ಚೀಟಿ.
- ದಿನಾಂಕ ಮತ್ತು ಸ್ಥಳ ಕಾಣುವಂತಹ ಛಾಯಾಚಿತ್ರಗಳು.
- ಆಸ್ಪತ್ರೆಯ ದಾಖಲೆ, ಔಷಧಿಯ ರಸೀದಿ.
- ಸಲ್ಲಿಸಿದ ಪ್ರತಿಯೊಂದು ಅರ್ಜಿಗೂ ಪಡೆದ ಸ್ವೀಕೃತಿ ಪತ್ರ.

ವಿದೇಶದಲ್ಲಿ ನೆಲೆಸಿರುವವರು ಮತ್ತು ಅವರ ಕುಟುಂಬದವರು:
- ಪಾಸ್‌ಪೋರ್ಟ್, ವೀಸಾ, ನಿವಾಸ ಪರವಾನಗಿಗಳ ಎಲ್ಲ ಪುಟಗಳ ಪ್ರತಿ.
- ಉದ್ಯೋಗದ ಕರಾರು ಪತ್ರ, ಸಂಬಳದ ಚೀಟಿ, ಬ್ಯಾಂಕ್ ವಿವರ.
- ಪ್ರಯಾಣದ ಟಿಕೆಟ್ ಹಾಗೂ ಗಡಿ ದಾಟಿದ ಮುದ್ರೆಗಳು.
- ವೈದ್ಯಕೀಯ ತಪಾಸಣೆಯ ವರದಿಗಳು.

ಇವುಗಳ ಒಂದು ಪ್ರತಿಯನ್ನು ಊರಿನಲ್ಲಿರುವ ಕುಟುಂಬದವರ ಬಳಿ ಇರಿಸುವುದು ಹಾಗೂ ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಸೂಕ್ತ.

11. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: 1990-91ರಲ್ಲಿ ಕುವೈತಿನಿಂದ ಮರಳಿದವರು ಈಗ ಪರಿಹಾರಕ್ಕೆ ಅರ್ಜಿ ಸಲ್ಲಿಸಬಹುದೇ?
ಉತ್ತರ: ಸಾಧ್ಯವಿಲ್ಲ. ಅರ್ಜಿ ಸ್ವೀಕಾರದ ಅವಧಿ ಬಹು ಹಿಂದೆಯೇ ಮುಗಿದಿದೆ. ಆಯೋಗದ ಕಾರ್ಯವೂ 2022ರಲ್ಲಿ ಮುಕ್ತಾಯಗೊಂಡಿದೆ. ಈ ಹೆಸರಿನಲ್ಲಿ ಹಣ ಕೇಳುವ ಮಧ್ಯವರ್ತಿಗಳ ಬಗ್ಗೆ ಎಚ್ಚರಿಕೆಯಿಂದಿರತಕ್ಕದ್ದು.

ಪ್ರಶ್ನೆ: ಮನೆ ಅಥವಾ ಅಂಗಡಿಯ ಅಗ್ನಿ ವಿಮೆಯು ಯುದ್ಧದ ಬೆಂಕಿಗೂ ಅನ್ವಯಿಸುತ್ತದೆಯೇ?
ಉತ್ತರ: ಸಾಮಾನ್ಯ ಅಗ್ನಿ ವಿಮಾ ಪತ್ರಗಳು ಯುದ್ಧದಿಂದಾದ ನಷ್ಟವನ್ನು ಹೊರಗಿಡುತ್ತವೆ. ವಿಮಾ ಪತ್ರದ "ಹೊರತುಪಡಿಸಿದ ಅಂಶಗಳು" ಎಂಬ ಭಾಗವನ್ನು ಓದಿಕೊಳ್ಳುವುದು ಅಗತ್ಯ.

ಪ್ರಶ್ನೆ: ದೂರದ ಯುದ್ಧದ ಹೊಗೆಯಿಂದ ಮೈಸೂರಿನಲ್ಲಿ ಕಪ್ಪು ಮಳೆ ಬೀಳುವ ಸಂಭವವಿದೆಯೇ?
ಉತ್ತರ: 1991ರ ಅನುಭವದಂತೆ ಮಸಿಯ ಬಹುಭಾಗವು ಬೆಂಕಿಯ ಸುತ್ತಲಿನ ಪ್ರದೇಶದಲ್ಲಿಯೇ ಇಳಿಯುತ್ತದೆ. ಮೈಸೂರಿನಲ್ಲಿ ಮಳೆನೀರು ಕಪ್ಪಾಗಿ ಕಂಡುಬಂದಲ್ಲಿ ಅದಕ್ಕೆ ಸ್ಥಳೀಯ ಕಾರಣ ಇರುವ ಸಾಧ್ಯತೆಯೇ ಹೆಚ್ಚು. ಶುಭ್ರವಾದ ಗಾಜಿನ ಸೀಸೆಯಲ್ಲಿ ಮಾದರಿಯನ್ನು ಸಂಗ್ರಹಿಸಿ, ದಿನಾಂಕ ಬರೆದು ಮಾಲಿನ್ಯ ನಿಯಂತ್ರಣ ಮಂಡಳಿಯ ಗಮನಕ್ಕೆ ತರಬಹುದು.

ಪ್ರಶ್ನೆ: ಸಮುದ್ರದಲ್ಲಿ ತೈಲ ಸೋರಿಕೆಯಾದ ಸುದ್ದಿ ಬಂದಾಗ ನಗರದಲ್ಲಿ ಮೀನು ಖರೀದಿಸಬಹುದೇ?
ಉತ್ತರ: ಸೋರಿಕೆಯಾದ ಜಾಗದಲ್ಲಿ ಹಿಡಿದ ಮೀನು ಮತ್ತು ಚಿಪ್ಪುಜೀವಿಗಳಿಗೆ ತೈಲದ ವಾಸನೆ ಅಂಟಿರಬಹುದು. ಅಂತಹ ವಾಸನೆ ಇದ್ದಲ್ಲಿ ಬಳಸಬಾರದು. ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ದೂರದ ಸಮುದ್ರದಲ್ಲಿ ನಡೆದ ಸೋರಿಕೆಯ ಕಾರಣಕ್ಕೆ ಎಲ್ಲ ಮೀನನ್ನೂ ತ್ಯಜಿಸುವ ಅಗತ್ಯವಿಲ್ಲ.

12. ಉಪಸಂಹಾರ

ಕುವೈತಿನ ಬಾವಿಗಳನ್ನು ಹತ್ತು ತಿಂಗಳೊಳಗೆ ನಂದಿಸಲಾಯಿತು. ನೆಲ ಮತ್ತು ಜೌಗುಗಳ ಶುದ್ಧೀಕರಣಕ್ಕೆ ದಶಕಗಳು ಹಿಡಿದವು. ಪರಿಹಾರ ಪಡೆದ ಪ್ರತಿಯೊಂದು ಕೋರಿಕೆಯ ಹಿಂದೆಯೂ ಯಾರೋ ಒಬ್ಬರು ಸಕಾಲದಲ್ಲಿ ಬರೆದಿಟ್ಟ ಅಳತೆ ಅಥವಾ ಜೋಪಾನ ಮಾಡಿದ ಕಾಗದವಿತ್ತು. ಮೈಸೂರಿನ ಹೆಬ್ಬಾಳಿನಲ್ಲಿರುವಂತಹ ವಾಯು ಗುಣಮಟ್ಟ ಮಾಪನ ಕೇಂದ್ರದ ದೈನಂದಿನ ಅಂಕಿಗಳಾಗಲಿ, ಒಂದು ಮನೆಯ ಬಾವಿಯ ನೀರಿನ ವರದಿಯಾಗಲಿ, ಸಾಮಾನ್ಯ ದಿನಗಳಲ್ಲಿ ಸಾಮಾನ್ಯ ದಾಖಲೆಯಾಗಿಯೇ ತೋರುತ್ತವೆ. ಹಾನಿ ಸಂಭವಿಸಿದ ಬಳಿಕ, ಮೊದಲಿನ ಸ್ಥಿತಿ ಏನಿತ್ತೆಂಬುದಕ್ಕೆ ಉಳಿಯುವ ಸಾಕ್ಷಿ ಅವುಗಳೇ ಆಗಿರುತ್ತವೆ. ಆದ್ದರಿಂದ ಸಾರ್ವಜನಿಕರು 10ನೇ ಭಾಗದಲ್ಲಿ ತಿಳಿಸಿದ ದಾಖಲೆಗಳನ್ನು ಘಟನೆ ನಡೆಯುವವರೆಗೆ ಕಾಯದೆ ಮುಂಚಿತವಾಗಿಯೇ ಸಿದ್ಧಪಡಿಸಿಕೊಳ್ಳುವುದು ಅಪೇಕ್ಷಣೀಯ.